ಮಸಣಯ್ಯ ಎಂಬ ಮಂಗಳದ ಹೆಸರು

ಹಳೆಯ ಮತದಾರರ ಪಟ್ಟಿ ಕೈಗೆ ಸಿಕ್ಕರೆ ಊಟ ಬಿಟ್ಟು ಓದುವ ಜಾತಿ ನನ್ನದು. ಮೈಸೂರು, ಚಾಮರಾಜನಗರದ ಕಡೆಯದಾದರೆ ಇನ್ನೂ ರುಚಿ. ಸಿದ್ದ, ಮಾದ, ನಂಜರ ಸಾಲಿನಲ್ಲಿ ಒಬ್ಬ ಮಸಣಯ್ಯನೋ ಮಸಣಶೆಟ್ಟಿಯೋ ಕಂಡರೆ ಅಂದಿನ ಓದು ಸಾರ್ಥಕ. ಈಗಿನ ಹುಡುಗರಿಗೆ ತೋರಿಸಿದರೆ, ‘ಹೆತ್ತ ಕೂಸಿಗೆ ಸುಡುಗಾಡಿನ ಹೆಸರು ಇಡ್ತಾರಾ ಸಾರ್?’ ಎನ್ನುತ್ತಾರೆ. ಇಡುತ್ತಿದ್ದರು, ಅದೂ ಅಕ್ಕರೆಯಿಂದ.

ಮಸಣವೆಂದರೆ ಶ್ಮಶಾನವೇ, ಅದರಲ್ಲಿ ಮುಚ್ಚುಮರೆಯಿಲ್ಲ. ಸಂಸ್ಕೃತದ ಮಾತು ಪ್ರಾಕೃತದ ಬಾಯಲ್ಲಿ ಸವೆದು ತದ್ಭವವಾಗಿ ನಮ್ಮಲ್ಲಿಗೆ ಬಂತು. ಮೊದಲಿನ ಶಕಾರ ಉದುರಿತು, ಎರಡನೆಯದು ಸಕಾರವಾಯಿತು, ಕೊನೆಯ ನಕಾರ ಣಕಾರವಾಯಿತು. ಸ್ಥಾನ ‘ತಾಣ’ವಾದದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಇಂಥ ಹೆಸರು ಕಂಡೊಡನೆ ಎಲ್ಲರೂ ಕೊಡುವ ವಿವರಣೆ ಒಂದಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಕಸದಂಥ ಹೆಸರಿಟ್ಟರೆ ಕಣ್ಣು ತಗುಲದು, ಜವರಾಯ ಮೂಸಿಯೂ ನೋಡನು ಎಂಬ ನಂಬಿಕೆ. ನಿಜವೇ. ಆದರೆ ಚಿತ್ರದುರ್ಗ ಸೀಮೆಯ ತಿಪ್ಪೇಸ್ವಾಮಿಗಳನ್ನೆಲ್ಲ ತಿಪ್ಪೆಗೆ ಹಾಕಿಬಿಡಬೇಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಇಟ್ಟ ಹೆಸರುಗಳು ಅಲ್ಲಿ ಬೇಕಾದಷ್ಟಿವೆ.

ಮಸಣಯ್ಯನೂ ಬಹುಮಟ್ಟಿಗೆ ಹಾಗೆಯೇ ದೇವರ ಕಡೆಯವನು. ಶಿವನ ವಾಸವೇ ಮಸಣ. ಸುಡುಗಾಡಿಗೆ ನಾವು ರುದ್ರಭೂಮಿ ಎನ್ನುವುದೂ ಅದಕ್ಕೇ. 12ನೇ ಶತಮಾನದ ವಚನಕಾರ ಗಜೇಶ ಮಸಣಯ್ಯನನ್ನು ನೋಡಿ. ಹೆಸರಲ್ಲಿ ಮಸಣ, ವಚನಗಳಲ್ಲಿ ನಲ್ಲನಿಗಾಗಿ ಕಾತರಿಸುವ ಹೆಣ್ಣಿನ ದನಿ. ಶರಣನೇ ಸತಿ, ಲಿಂಗವೇ ಪತಿ. ಅವನ ಪುಣ್ಯಸ್ತ್ರೀಯೂ ವಚನ ಬರೆದವಳು. ಅವಳ ಅಂಕಿತ ‘ಮಸಣಯ್ಯಪ್ರಿಯ ಗಜೇಶ್ವರ’. ಗಂಡನ ಹೆಸರು ಹೇಳಲು ಹೆಂಗಸರು ತಡವರಿಸುತ್ತಿದ್ದ ನಾಡಿನಲ್ಲಿ ಈಕೆ ಅದನ್ನು ದೇವರ ಹೆಸರಿಗೇ ಪೋಣಿಸಿದಳು. ಇತ್ತ ಪಿರಿಯಾಪಟ್ಟಣದಲ್ಲಿ ತಾಯಿ ಮಸಣಿಕಮ್ಮನೇ ಇದ್ದಾಳೆ, ವರ್ಷವರ್ಷ ಜಾತ್ರೆ ಮಾಡಿಸಿಕೊಳ್ಳುತ್ತಾಳೆ.

ಇನ್ನೂ ಗಟ್ಟಿ ಸಾಕ್ಷಿ ಬೇಕಾದವರು ಸೋಮನಾಥಪುರಕ್ಕೆ ಹೋಗಿ. ಆ 13ನೇ ಶತಮಾನದ ಹೊಯ್ಸಳ ಗುಡಿಯ ಹೊರಗೋಡೆಯ ವಿಗ್ರಹಗಳಲ್ಲಿ ಎಲ್ಲರ ಕಣ್ಣು ಕಿರೀಟಕ್ಕೆ, ಮೇಲಿನ ಬಳ್ಳಿಯ ಚಪ್ಪರಕ್ಕೆ ಹೋಗುತ್ತದೆ. ನೀವು ಸ್ವಲ್ಪ ಬಗ್ಗಿ ಪಾದಪೀಠ ನೋಡಿ. ಶಿಲ್ಪಿಗಳು ಹಳಗನ್ನಡ ಲಿಪಿಯಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಹೆಚ್ಚಿನವು ಮಲ್ಲಿತಮ್ಮನವು, ಅವನ ಜೊತೆಗಾರರಲ್ಲಿ ಒಬ್ಬ ಮಸಣಿತಮ್ಮ. ವಿಷ್ಣುವಿನ ಗುಡಿಯಲ್ಲಿ ಮಸಣದ ಹೆಸರು! ನಾಚಿಕೆಯ ಹೆಸರಾಗಿದ್ದರೆ ಅದನ್ನು ಯಾರಾದರೂ ದೇವರ ಕಾಲಬುಡದ ಕಲ್ಲಿನಲ್ಲಿ ಕೊರೆಯುತ್ತಿದ್ದರೇ?

ಮತ್ತೆ ನಮಗೇಕೆ ಈಗ ಮೈ ಜುಮ್ಮೆನ್ನುತ್ತದೆ? ಭೈರವನೆಂದರೆ ಭಯಂಕರ, ಚಂಡಿಯೆಂದರೆ ಉಗ್ರೆ. ಆ ಹೆಸರಿನವರನ್ನು ಕರೆಯುವಾಗ ಯಾರೂ ಬೆಚ್ಚುವುದಿಲ್ಲ, ಸಂಸ್ಕೃತದ ಶಾಲು ಭಯವನ್ನು ಮುಚ್ಚಿಟ್ಟಿದೆ. ಮಸಣ ನಮಗೆ ಅರ್ಥವಾಗುತ್ತದೆ. ಅದೇ ಅದರ ತಪ್ಪು. ಹೀಗಾಗಿ ರುದ್ರೇಶನಿಗೆ ತೊಟ್ಟಿಲಲ್ಲಿ ಜಾಗವಿದೆ, ಅವನದೇ ಮನೆಯ ಹೆಸರು ಹೊತ್ತ ಮಸಣಯ್ಯನಿಗೆ ಇಲ್ಲ. ನನ್ನನ್ನು ಕೇಳಿದರೆ ಎರಡೂ ಒಂದೇ ತೂಕದ ಹೆಸರು, ಮಸಣಯ್ಯ ತುಸು ಹೆಚ್ಚು ಕನ್ನಡದವನು.