ಕಾವ್ಯವ್ಯಾಖ್ಯಾನದಲ್ಲಿ ಚಿತ್ರವೂ ಸ್ವಾನುಭವವೂ

ಕಳೆದ ಮಾಘಮಾಸದಲ್ಲಿ ಅರಸೀಕೆರೆಯಲ್ಲಿ ಎರಡು ಸಂಜೆ ನಡೆದ ಭಾರತವಾಚನಕ್ಕೆ ಹೋಗಿದ್ದೆನು. ಕುಮಾರವ್ಯಾಸನ ದ್ರೋಣಪರ್ವದಿಂದ ಅಭಿಮನ್ಯುವಿನ ಕಾಳಗದ ಭಾಗವನ್ನು ಗಮಕಿಯೊಬ್ಬರು ಓದಿದರು. ತರುಣ ವಿದ್ವಾಂಸರೊಬ್ಬರು ಅರ್ಥ ಹೇಳಿದರು. ಇಷ್ಟೇ ಆಗಿದ್ದರೆ ಬರೆಯುವಂಥ ವಿಶೇಷವೇನೂ ಇರಲಿಲ್ಲ. ಗಮಕವು ನಮ್ಮ ನಾಡಿಗೆ ಹೊಸದಲ್ಲ. ಹೊಸಹಳ್ಳಿಯ ಗಮಕಿಗಳಾದ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದ ಮೇಲಂತೂ ಅದನ್ನು ಅರಿಯದವರೂ ಅರಿತರು. ಆದರೆ ಅರಸೀಕೆರೆಯ ಈ ಸಭೆಯಲ್ಲಿ ವ್ಯಾಖ್ಯಾನಕಾರರ ಬೆನ್ನ ಹಿಂದೆ ಬಿಳಿಯ ಪರದೆಯೊಂದು ಕಟ್ಟಿತ್ತು. ಅದರ ಮೇಲೆ ಹಳೇಬೀಡಿನ ಶಿಲ್ಪಗಳ ಛಾಯಾಚಿತ್ರಗಳು ಒಂದಾದಮೇಲೊಂದು ಮೂಡುತ್ತಿದ್ದವು. ನಡುನಡುವೆ ಧ್ವನಿವರ್ಧಕದಿಂದ ಭೇರಿಯ ಮೊಳಗು. ಅದರ ಮೇಲೆ, ವ್ಯಾಖ್ಯಾನಕಾರರು ಪದ್ಯಪದ್ಯಕ್ಕೂ ತಮ್ಮ ಬಾಳಿನ ಒಂದೊಂದು ಪ್ರಸಂಗವನ್ನು ತಂದು ಜೋಡಿಸುತ್ತಿದ್ದರು. ಸಭಿಕರಲ್ಲಿ ಅರ್ಧದಷ್ಟು ಜನ ಮೆಚ್ಚಿದರು, ಅರ್ಧದಷ್ಟು ಜನ ಮೂಗು ಮುರಿದರು. ಮೂಗು ಮುರಿದವರು ನನ್ನ ಬಿಳಿಯ ತಲೆಯನ್ನು ನೋಡಿ ನಾನೂ ತಮ್ಮ ಪಕ್ಷದವನೆಂದೇ ಭಾವಿಸಿದರು. ಅದು ಪೂರ್ಣವಾಗಿ ನಿಜವಲ್ಲವೆಂಬುದರಿಂದ ಈ ನಾಲ್ಕು ಮಾತು.

ಭೇರಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಗಮಕಿಯ ಕಂಠದಲ್ಲಿ ಭಾಮಿನೀ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡೆಯೇ ರಣವಾದ್ಯವಾಗಿರುವಾಗ ಬೇರೆ ಭೇರಿ ಅನಾವಶ್ಯಕ. ಅದು ಪದಗಳನ್ನು ನುಂಗಿತು. ಎರಡನೆಯ ಸಂಜೆ ಯಂತ್ರವು ಕೈಕೊಟ್ಟು ಭೇರಿ ನಿಂತುಹೋದದ್ದು ಸಭೆಯ ಪುಣ್ಯ.

ಚಿತ್ರದ ಮಾತು ಹಾಗಲ್ಲ. ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಚಕ್ರವ್ಯೂಹದ ಶಿಲ್ಪವಿದೆ. ಹತ್ತಾರು ಸಲ ನೋಡಿದವನಾದರೂ ಅಂದು ಪರದೆಯ ಮೇಲೆ ಹಿಗ್ಗಿ ನಿಂತಾಗಲೇ ಒಂದು ಸಂಗತಿ ನನಗೆ ಹೊಳೆಯಿತು. ರಥವನ್ನು ಶಿಲ್ಪಿಯು ನಾವು ನೆಲದಲ್ಲಿ ನಿಂತು ಪಕ್ಕದಿಂದ ನೋಡುವಂತೆ ಕಡೆದಿದ್ದಾನೆ. ವ್ಯೂಹವನ್ನು ಮಾತ್ರ ಆಕಾಶದಿಂದ ಕೆಳಗೆ ನೋಡಿದಂತೆ ಸುರುಳಿಯಾಗಿ ಕಡೆದಿದ್ದಾನೆ. ಹುಡುಗನಿಗೆ ಕಾಣುವುದು ಎದುರಿಗಿರುವ ಸೇನೆ. ಸುರುಳಿಯು ಕಾಣುವುದು ನಮಗೆ ಮಾತ್ರ. ತಾನು ಎಲ್ಲಿಗೆ ಹೋಗುತ್ತಿರುವೆನೆಂದು ಅವನರಿಯ, ನಾವು ಬಲ್ಲೆವು. ಕರುಣಕ್ಕೆ ಬೇಕಾದ ವಿಭಾವವನ್ನು ಕವಿಯು ಅನೇಕ ಪದ್ಯಗಳಲ್ಲಿ ಕಟ್ಟಬೇಕಾದರೆ, ಈ ಪುಣ್ಯಾತ್ಮನು ಎರಡು ದೃಷ್ಟಿಗಳನ್ನು ಒಂದೇ ಫಲಕದಲ್ಲಿ ಕೂಡಿಸಿ ಸಾಧಿಸಿದ್ದಾನೆ. ಇದು ಅಲಂಕಾರವಲ್ಲ, ವ್ಯಾಖ್ಯಾನ. ಇಷ್ಟನ್ನು ಕಾಣಿಸಿದ ಆ ಪರದೆಗೆ ನಾನು ಋಣಿ.

ಆದರೆ ವ್ಯಾಖ್ಯಾನಕಾರರು ಈ ಚಿತ್ರವನ್ನು ತೋರಿಸಿ, ಕುಮಾರವ್ಯಾಸನು ವರ್ಣಿಸಿದ್ದನ್ನೇ ಶಿಲ್ಪಿಯು ಕಲ್ಲಿನಲ್ಲಿ ಬರೆದಿದ್ದಾನೆಂದರು. ಇದು ಪ್ರಮಾದ. ಹೊಯ್ಸಳೇಶ್ವರದ ಕಾರ್ಯ ಆರಂಭವಾದದ್ದು 1121ರ ಸುಮಾರಿಗೆ. ಗದುಗಿನ ಕವಿಯಾದರೋ ಹದಿನೈದನೆಯ ಶತಮಾನದವನೆಂಬುದು ವಿದ್ವಾಂಸರ ಬಹುಮತ. ನಡುವೆ 300 ವರ್ಷಗಳಿಗೆ ಹತ್ತಿರದ ಅಂತರವುಂಟು. ಶಿಲ್ಪಿಯು ಓದಿದ್ದು ಅಥವಾ ಕೇಳಿದ್ದು ಬೇರೆ ಭಾರತ. ಶಿಲ್ಪವು ಕಾವ್ಯದ ನೆರಳಲ್ಲ. ಒಂದೇ ಕಥೆಗೆ ಇಬ್ಬರು ಸ್ವತಂತ್ರರು ಕೊಟ್ಟ ಎರಡು ರೂಪಗಳೆಂದು ಹೇಳಿದ್ದರೆ ಎರಡಕ್ಕೂ ಗೌರವವಾಗುತ್ತಿತ್ತು. ಈ ಶಿಲ್ಪಿಗಳು ಹೆಸರಿಲ್ಲದ ಕೂಲಿಕಾರರೂ ಅಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ಕವಿಗಳು ಅಂಕಿತ ಹಾಕುವಂತೆ ಹೆಸರು ಕೆತ್ತಿಕೊಂಡಿದ್ದಾರೆ. (ಇವರನ್ನು ಮರೆತು, ಜಕಣಾಚಾರಿಯ ಕಥೆಯನ್ನೇ ನಾವು ಮಕ್ಕಳಿಗೆ ಹೇಳುತ್ತ ಬಂದೆವು.) ಶಿಲ್ಪಕ್ಕೆ ಸಮಕಾಲದ ಕನ್ನಡ ಕಾವ್ಯವೇ ಬೇಕಾದರೆ ಕೃಷ್ಣಕಥೆಗೆ ರುದ್ರಭಟ್ಟನ ಜಗನ್ನಾಥವಿಜಯವಿದೆ. ವೀರಬಲ್ಲಾಳನ ಕಾಲದ ಆ ಚಂಪುವನ್ನು ಹಳೇಬೀಡಿನ ಗೋವರ್ಧನೋದ್ಧಾರದ ಫಲಕದ ಪಕ್ಕದಲ್ಲಿಟ್ಟು ಓದಿದರೆ ಯಾರೂ ಆಕ್ಷೇಪಿಸಲಾರರು.

ಇನ್ನೊಂದು ತೊಡಕು. ಕುಮಾರವ್ಯಾಸನ ಬಲವಿರುವುದು ರೂಪಕದಲ್ಲಿ. ಆರು ಸಾಲು ಮುಗಿಯುವುದರೊಳಗೆ ಅವನು ಕೇಳುವವನ ಮನಸ್ಸನ್ನು ಎರಡು ಮೂರು ಲೋಕಗಳಲ್ಲಿ ಸುತ್ತಿಸಿ ತರುತ್ತಾನೆ. ಹಾಗೆ ಓಡುವ ಮನಸ್ಸನ್ನು ಕದಲದ ಒಂದು ಚಿತ್ರಕ್ಕೆ ಕಟ್ಟಿಹಾಕಿದರೆ ನಷ್ಟ ಕವಿಗೇ. ಪದ್ಯವನ್ನು ಓದುವಾಗ ಪರದೆಯು ಕತ್ತಲಾಗಿರಲಿ, ಅರ್ಥ ಮುಗಿದ ಮೇಲೆ ಚಿತ್ರ ಬರಲಿ ಎಂಬುದು ನನ್ನ ಸೂಚನೆ.

ಕಲೆಯೊಂದು ಕಲೆಯನ್ನು ವ್ಯಾಖ್ಯಾನಿಸುವ ಸರಿಯಾದ ಬಗೆಗೆ ದೂರ ಹೋಗಬೇಕಾದ್ದಿಲ್ಲ. ಡಿ. ವಿ. ಗುಂಡಪ್ಪನವರ ಅಂತಃಪುರಗೀತೆ 1950ರಲ್ಲಿ ಪ್ರಕಟವಾಯಿತು. ಬೇಲೂರಿನ ಮದನಿಕೆಯರನ್ನು ಕಂಡು, ರಾಗತಾಳಗಳನ್ನು ಗೊತ್ತುಮಾಡಿ ಬರೆದ ಹಾಡುಗಳವು. ಅವುಗಳಲ್ಲಿ ಆ ಕಲ್ಲಿನ ಹೆಣ್ಣುಗಳನ್ನು ವಿವರಿಸುವುದಕ್ಕಿಂತ ಅವರನ್ನೇ ಕರೆದು ಪ್ರಶ್ನೆ ಕೇಳುವ ಧಾಟಿಯೇ ಹೆಚ್ಚು. ಉತ್ತರವನ್ನು ಕಲ್ಲಿಗೇ ಬಿಟ್ಟಿದ್ದಾರೆ. ಇಂದು ನರ್ತಕಿಯರು ಅವಕ್ಕೆ ಅಭಿನಯ ಹಿಡಿಯುತ್ತಾರೆ. ಕಲ್ಲು ಹಾಡಾಗಿ, ಹಾಡು ಮತ್ತೆ ದೇಹವಾದ ಈ ಪ್ರಯಾಣದಲ್ಲಿ ಒಂದು ಮತ್ತೊಂದನ್ನು ನುಂಗಲಿಲ್ಲ.

ಇನ್ನು ಸ್ವಾನುಭವಕಥನ. ಇದೇ ಹೆಚ್ಚು ವಿಚಾರಾರ್ಹವಾದದ್ದು. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತಿರುವುದು ಅವುಗಳಲ್ಲೊಂದು. ಸಾಲದ ಚಿಂತೆಯಿಂದ ಬಂದವನಿಗೆ ಉತ್ತರೆಯ ಶೋಕವು ಕೇಳಿಸದು. ಈ ವಿಘ್ನದ ಪರಿಹಾರಕ್ಕೆಂದೇ ವಾದ್ಯ, ಗಾನ, ವಿಚಿತ್ರವಾಗಿ ಸಜ್ಜುಗೊಳಿಸಿದ ಮಂಟಪ ಇವೆಲ್ಲ ಎಂಬುದು ಅವನ ಮತ. ಚಿತ್ರಗಾನಗಳಿಗೆ ಶಾಸ್ತ್ರಸಮ್ಮತಿ ಬೇಕೆನ್ನುವವರು ಇದನ್ನು ಗಮನಿಸಬೇಕು. ಪ್ರೇಕ್ಷಕನು ತನ್ನನ್ನು ಮರೆಯಲೆಂದು ಇಷ್ಟೆಲ್ಲ ಏರ್ಪಾಡು ಮಾಡಿ, ಮರುಕ್ಷಣವೇ ವ್ಯಾಖ್ಯಾನಕಾರನು ತನ್ನ ಮನೆಯ ಕಥೆಯನ್ನು ಎತ್ತಿದರೆ ಕೈಯಾರೆ ಕಟ್ಟಿದ್ದನ್ನು ಕೈಯಾರೆ ಕೆಡವಿದಂತೆ. ಭವಭೂತಿಯು ಇದನ್ನು ಬಲ್ಲನು. ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮಸೀತೆಯರು ತಮ್ಮದೇ ಚರಿತೆಯ ಚಿತ್ರಗಳನ್ನು ನೋಡುತ್ತಾರೆ. ಶೂರ್ಪಣಖೆಯ ಚಿತ್ರಕ್ಕೇ ಸೀತೆ ಬೆದರುತ್ತಾಳೆ. ಅವರಿಗೆ ಅದು ರಸವಲ್ಲ, ಹಳೆಯ ಗಾಯ. ರಸವು ಅವರನ್ನು ನೋಡುತ್ತಿರುವ ನಮಗೆ.

ಅರಸೀಕೆರೆಯ ವ್ಯಾಖ್ಯಾನಕಾರರು ಅಂದು ಹೇಳಿದ್ದು ಇದು: ಅಭಿಮನ್ಯುವು ಗರ್ಭದಲ್ಲಿದ್ದಾಗ ಅರ್ಜುನನು ವ್ಯೂಹದ ಮರ್ಮವನ್ನು ಹೇಳುತ್ತಿರಲು, ಸುಭದ್ರೆಯು ನಿದ್ದೆಹೋದಳು, ನಿರ್ಗಮನದ ಉಪಾಯವು ಮಗುವಿಗೆ ತಿಳಿಯದೆ ಹೋಯಿತು. ತಮ್ಮ ತಾಯಿಯಾದರೋ ಗರ್ಭಿಣಿಯಾಗಿದ್ದಾಗ ದಿನವೂ ಭಾರತವನ್ನು ಕೇಳುತ್ತಿದ್ದರೆಂದೂ, ಆದುದರಿಂದಲೇ ತಾವು ಈ ವೇದಿಕೆಯನ್ನು ಏರಿದ್ದೆಂದೂ ಸೇರಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಾರದೆ ಹೋದೆನು. ಕಾರಣವನ್ನು ಹೇಳಬೇಕಾದರೆ ನಾನೂ ಸ್ವಾನುಭವಕ್ಕೇ ಇಳಿಯಬೇಕು, ವಾಚಕರು ಕ್ಷಮಿಸಬೇಕು.

ಉಪಾಧ್ಯಾಯನಾಗಿ ಇಪ್ಪತ್ತು ವರ್ಷ ನಾನೂ ತರಗತಿಯಲ್ಲಿ ಅದೇ ನಿದ್ದೆಯ ಕಥೆಯನ್ನು ಹೇಳುತ್ತಿದ್ದೆನು. ಪಾಠದಲ್ಲಿ ತೂಕಡಿಸುವ ಹುಡುಗರನ್ನು ನಗಿಸಲು ಸುಭದ್ರೆಯ ಗೊರಕೆಯನ್ನೂ ಕೂಡಿಸುತ್ತಿದ್ದೆನು. ಒಂದು ವರ್ಷ ಎಲ್ಲರೂ ನಕ್ಕು ಹೊರಟ ಮೇಲೆ ಹುಡುಗಿಯೊಬ್ಬಳು ನಿಂತಳು. "ಮೇಷ್ಟ್ರೇ, ತಾಯಿ ನಿದ್ದೆ ಮಾಡಿದ್ದಕ್ಕೇ ಅವನು ಸತ್ತದ್ದೇ?" ಎಂದಳು. ಹೌದೆಂದೆನು. ಅವಳು ಮಾತಾಡದೆ ಹೋದಳು. ಅವಳ ಪುಟ್ಟ ತಮ್ಮ ಆ ಬೇಸಿಗೆಯಲ್ಲಿ ತೋಟದ ನೀರಿನ ತೊಟ್ಟಿಗೆ ಬಿದ್ದು ತೀರಿಕೊಂಡಿದ್ದನೆಂದೂ, ಬೆಳಗಿನಿಂದ ಕೆಲಸ ಮಾಡಿ ದಣಿದ ತಾಯಿಗೆ ಆಗ ಜೊಂಪು ಹತ್ತಿತ್ತೆಂದೂ, ಮನೆಯವರು ಆ ಹೆಂಗಸನ್ನು ಇನ್ನೂ ಆಡುತ್ತಿದ್ದರೆಂದೂ ನನಗೆ ತಿಳಿದದ್ದು ಆಮೇಲೆ.

ಅಂದು ರಾತ್ರಿ ಸಂಸ್ಕೃತ ಭಾರತದ ದ್ರೋಣಪರ್ವವನ್ನು ತೆಗೆದು ನೋಡಿದೆನು. ಪಾಠಶಾಲೆಯಲ್ಲಿ ಓದಿದವನು ಮೊದಲೇ ನೋಡಬೇಕಾಗಿತ್ತು. ಅಲ್ಲಿ ಅಭಿಮನ್ಯುವು ಧರ್ಮರಾಜನಿಗೆ ಹೇಳುವುದು, ವ್ಯೂಹವನ್ನು ಭೇದಿಸುವ ಉಪಾಯವನ್ನು ತಂದೆ ಉಪದೇಶಿಸಿದ್ದಾನೆ, ಆಪತ್ತು ಬಂದರೆ ಹೊರಬರಲಾರೆ ಎಂದು. ಗರ್ಭದ ಮಾತೂ ಇಲ್ಲ, ನಿದ್ದೆಯ ಮಾತೂ ಇಲ್ಲ. ಅದನ್ನು ಕೇಳಿಯೂ ಹಿರಿಯರು ಅವನನ್ನು ಕಳುಹಿಸುತ್ತಾರೆ, ಬೆನ್ನಿಗೆ ಬರುವೆವೆಂದು ಮಾತು ಕೊಟ್ಟು. ಆ ಮಾತು ನಡೆಯದಂತೆ ಸೈಂಧವನು ತಡೆಯುತ್ತಾನೆ. ಬಾಯಿಂದ ಬಾಯಿಗೆ ಬಂದ ಕಥೆಯು ಗಂಡಸರ ಈ ಹೊಣೆಯನ್ನೆಲ್ಲ ಒಬ್ಬ ಗರ್ಭಿಣಿಯ ಕಣ್ಣೆವೆಯ ಮೇಲೆ ಇಳಿಸಿದೆ. ಮರುದಿನ ಆ ತರಗತಿಯಲ್ಲಿ ನಾನು ಹೇಳಿದ್ದು ತಪ್ಪೆಂದು ಒಪ್ಪಿ, ಮೂಲವನ್ನು ಓದಿ ಅರ್ಥ ಹೇಳಿದೆನು. ಹುಡುಗಿ ಪುಸ್ತಕದ ಹೆಸರನ್ನೂ ಪರ್ವದ ಹೆಸರನ್ನೂ ಬರೆದುಕೊಂಡಳು.

ಮಲ್ಲಿನಾಥನು ತನ್ನ ವ್ಯಾಖ್ಯಾನದಲ್ಲಿ ನಿರಾಧಾರವಾದ ಮಾತನ್ನೂ ಬೇಡದ ಮಾತನ್ನೂ ಸೇರಿಸುವುದಿಲ್ಲವೆಂದು ಮೊದಲೇ ಪ್ರತಿಜ್ಞೆ ಮಾಡಿಕೊಂಡನು. ಅಷ್ಟು ಕಠಿನವಾದ ವ್ರತವನ್ನು ಸಂಜೆಯ ಸಭೆಗೆ ವಿಧಿಸಲಾರೆನು. ಆ ಹುಡುಗಿಯ ತಮ್ಮನ ಕಥೆ ನನ್ನನ್ನು ಗ್ರಂಥದ ಬಳಿಗೆ ಅಟ್ಟಿತು. ವ್ಯಾಖ್ಯಾನಕಾರರ ತಾಯಿಯ ಕಥೆ ಸಭಿಕರನ್ನು ವ್ಯಾಖ್ಯಾನಕಾರರ ಬಳಿಗೇ ತಂದು ನಿಲ್ಲಿಸಿತು. ಇವೆರಡಕ್ಕೂ ಭೇದವುಂಟೆಂದಷ್ಟೇ ನನ್ನ ವಾದ.

ಎರಡನೆಯ ಸಂಜೆ ಮಂಗಳವಾದ ಮೇಲೆ ಇದನ್ನು ಅವರಿಗೆ ಏಕಾಂತದಲ್ಲಿ ಅರಿಕೆ ಮಾಡಿದೆನು. ಮುಖ ಚಿಕ್ಕದಾಯಿತು, ಆದರೂ ವಾದಿಸಲಿಲ್ಲ. ಪರದೆಯನ್ನು ಸುತ್ತುತ್ತಿದ್ದವರ ನಡುವೆಯೇ ಕುಳಿತು, ದ್ರೋಣಪರ್ವದ ಯಾವ ಅಧ್ಯಾಯವೆಂದು ಕೇಳಿದರು. ಹೇಳಿದೆನು. ಬರುವ ತಿಂಗಳು ಹಳೇಬೀಡಿನಲ್ಲಿ ಇದೇ ಭಾಗದ ವಾಚನವಿದೆಯಂತೆ. ಹೋಗಬೇಕೆಂದಿದ್ದೇನೆ.