ಸುಳ್ಳು ಆಕಾಶದ ನೆರವು

ಒಂದು ಹಿಡಿ ರಾಗಿಯನ್ನು ಕಣ್ಣು ಮುಚ್ಚಿ ನೆಲಕ್ಕೆ ಚೆಲ್ಲಿದರೂ ಅಲ್ಲಲ್ಲಿ ನಾಲ್ಕಾರು ಕಾಳು ಒಟ್ಟಾಗಿ ಬೀಳುತ್ತವೆ. ಹಾಗಿದ್ದ ಮೇಲೆ ಆಕಾಶದ ಗ್ಯಾಲಕ್ಸಿಗಳು ನಿಜಕ್ಕೂ ಗುಂಪುಗೂಡಿವೆ ಎನ್ನುವುದು ಹೇಗೆ?

ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಡೊನಾಲ್ಡ್ ಶೇನ್ ಮತ್ತು ಕಾರ್ಲ್ ವರ್ಟಾನೆನ್ ಫೋಟೋ ಫಲಕಗಳ ಮೇಲಿನ ಗ್ಯಾಲಕ್ಸಿಗಳನ್ನು ಕಣ್ಣಳತೆಯಲ್ಲೇ ಎಣಿಸುತ್ತಾ ಹೋದರು. 1967ರಲ್ಲಿ ಪಟ್ಟಿ ಅಚ್ಚಾಗುವಾಗ ಎಣಿಕೆ ಹತ್ತು ಲಕ್ಷದ ಆಸುಪಾಸಿಗೆ ಬಂದಿತ್ತು. ಆ ರಾಶಿಯನ್ನು 1970ರ ದಶಕದಲ್ಲಿ ಪ್ರಿನ್ಸ್‌ಟನ್‌ನ ಜಿಮ್ ಪೀಬಲ್ಸ್ ಮತ್ತು ಸಂಗಡಿಗರು ಜೋಡಿ ಲೆಕ್ಕಕ್ಕೆ ಹಚ್ಚಿದರು. ಒಂದು ಗ್ಯಾಲಕ್ಸಿಯಿಂದ ಇಂತಿಷ್ಟು ದೂರದಲ್ಲಿ ಇನ್ನೊಂದು ಸಿಗುವ ಸಂಭವ, ಬೇಕಾಬಿಟ್ಟಿ ಚೆಲ್ಲಿದ್ದಕ್ಕಿಂತ ಎಷ್ಟು ಹೆಚ್ಚು? ಸುಮಾರು 2.3 ಕೋಟಿ ಜ್ಯೋತಿರ್ವರ್ಷದ ಅಂತರದಲ್ಲಿ ಅದು ಎರಡು ಪಟ್ಟು.

ಈ ಕಸುಬಿನ ರುಚಿ ಇರುವುದು ಆ 'ಬೇಕಾಬಿಟ್ಟಿ'ಯಲ್ಲಿ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಒಂದು ಸುಳ್ಳು ಆಕಾಶವನ್ನೇ ಕಟ್ಟಬೇಕು. ಸಮೀಕ್ಷೆಯ ಗಡಿ ಎಲ್ಲಿ ಮುಗಿಯಿತೋ ಇಲ್ಲೂ ಅಲ್ಲೇ ಮುಗಿಯಬೇಕು. ಹೊಳೆಯುವ ನಕ್ಷತ್ರವೊಂದು ಹಿಂದಿನದನ್ನು ಮರೆಮಾಡಿದ ಕಡೆ ಇಲ್ಲೂ ತೂತು ಬೀಳಬೇಕು. ನಿಜ–ನಿಜ, ನಿಜ–ಸುಳ್ಳು, ಸುಳ್ಳು–ಸುಳ್ಳು ಜೋಡಿಗಳನ್ನು ತಾಳೆ ಹಾಕುವ ಸೂತ್ರವನ್ನು ಲ್ಯಾಂಡಿ ಮತ್ತು ಸಲಾಯ್ 1993ರಲ್ಲಿ ಕೊಟ್ಟರು. ಅದು ಇಂದಿಗೂ ಚಾಲ್ತಿಯಲ್ಲಿದೆ.

ಉಪಕರಣಕ್ಕೂ ಅದರದೇ ಹಟ. ನ್ಯೂ ಮೆಕ್ಸಿಕೋದ ಸ್ಲೋನ್ ಸಮೀಕ್ಷೆಯಲ್ಲಿ ಒಂದೊಂದು ಗ್ಯಾಲಕ್ಸಿಯ ಬೆಳಕನ್ನು ಒಂದೊಂದು ಎಳೆಯಿಂದ ಹಿಡಿಯಲು ಅಲ್ಯೂಮಿನಿಯಂ ತಟ್ಟೆಗೆ ತೂತು ಕೊರೆದು, 640 ಬೆಳಕಿನ ಎಳೆಗಳನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಒಂದೇ ತಟ್ಟೆಯಲ್ಲಿ ಎರಡು ಎಳೆಗಳನ್ನು 55 ಆರ್ಕ್‌ಸೆಕೆಂಡಿಗಿಂತ ಹತ್ತಿರ ತರಲು ಆಗುತ್ತಿರಲಿಲ್ಲ. ಗುಂಪನ್ನು ಅಳೆಯಹೊರಟವರಿಗೆ ಗುಂಪು ದಟ್ಟವಾದಲ್ಲೇ ಕೆಲವು ಗ್ಯಾಲಕ್ಸಿಗಳು ಕೈತಪ್ಪುತ್ತಿದ್ದವು. ಆ ಕೊರತೆಯನ್ನು ಲೆಕ್ಕದಲ್ಲಿ ತುಂಬಿಕೊಡಬೇಕಿತ್ತು.

ಇಷ್ಟೆಲ್ಲ ಪಡಿಪಾಟಲಿನ ಫಲ 2005ರಲ್ಲಿ ಸಿಕ್ಕಿತು. ಡೇನಿಯಲ್ ಐಸೆನ್‌ಸ್ಟೈನ್ ತಂಡ ಸ್ಲೋನ್‌ನ 46,748 ಕೆಂಪು ಗ್ಯಾಲಕ್ಸಿಗಳ ಜೋಡಿ ಲೆಕ್ಕ ಹಾಕಿತು. ಜೋಡಿ ಸಿಗುವ ಹೆಚ್ಚುವರಿ ಸಂಭವವನ್ನು ತೋರುವ, ದೂರ ಹೆಚ್ಚಿದಂತೆ ಇಳಿಯುತ್ತಿದ್ದ ಗೆರೆ, ಸುಮಾರು 50 ಕೋಟಿ ಜ್ಯೋತಿರ್ವರ್ಷದ ಹತ್ತಿರ ಸಣ್ಣಗೆ ಉಬ್ಬಿತ್ತು. ವಿಶ್ವದ ಎಳೆತನದಲ್ಲಿ ಕಾದ ಅನಿಲದೊಳಗೆ ಹರಿದ ಶಬ್ದದ ಅಲೆಗಳು ನಿಂತುಹೋದ ಗುರುತು ಅದು. ಅದೇ ವರ್ಷ ಆಸ್ಟ್ರೇಲಿಯಾದ ದೂರದರ್ಶಕದಿಂದ ನಡೆದ ಇನ್ನೊಂದು ಸಮೀಕ್ಷೆಯಲ್ಲೂ ಅದರ ಸುಳಿವು ಕಂಡಿತು. ಇಂದು ವಿಶ್ವದ ಹಿಗ್ಗನ್ನು ಅಳೆಯುವವರು ಈ ಉಬ್ಬನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ.

ಅರಿಜೋನಾದ ಕಿಟ್ ಪೀಕ್‌ನಲ್ಲಿ 2021ರಿಂದ ನಡೆಯುತ್ತಿರುವ ಡೆಸಿ ಸಮೀಕ್ಷೆಯಲ್ಲಿ ಎಳೆ ಸಿಕ್ಕಿಸುವ ಕೈಗಳಿಲ್ಲ. 5,000 ಪುಟ್ಟ ರೋಬಾಟ್‌ಗಳಿವೆ. ಅಕ್ಕಪಕ್ಕದ ರೋಬಾಟ್‌ಗಳೂ ಒಂದಕ್ಕೊಂದು ತಾಗದಂತೆ ಸರಿಯಬೇಕು, ಹಾಗಾಗಿ ಹಳೆಯ ಕೊರತೆ ಇಲ್ಲೂ ತಪ್ಪಿಲ್ಲ. ಸುಳ್ಳು ಆಕಾಶವೂ ಉಳಿದಿದೆ: ಅದರ ಚುಕ್ಕೆಗಳು ನಿಜವಾದ ಗ್ಯಾಲಕ್ಸಿಗಳಿಗಿಂತ ಹಲವು ಪಟ್ಟು ಹೆಚ್ಚು.