ಭ್ರೂಣದ ಕೈಯಲ್ಲಿ ನಕ್ಷೆಯಿಲ್ಲ

ಜೀನೋಮ್ ಎಂದರೆ ದೇಹದ ನೀಲನಕ್ಷೆ. ಶಾಲೆಯ ಪಾಠದಲ್ಲಿ, ಪತ್ರಿಕೆಯ ವಿಜ್ಞಾನ ಪುಟದಲ್ಲಿ, ವಂಶವಾಹಿ ಪರೀಕ್ಷೆಯ ಜಾಹೀರಾತಿನಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದನ್ನು ಪ್ರಶ್ನಿಸಬಹುದು ಎಂಬುದೇ ನಮಗೆ ಮರೆತುಹೋಗಿದೆ. 2000ದ ಜೂನ್‌ನಲ್ಲಿ ಮಾನವ ಜೀನೋಮಿನ ಕರಡು ಹೊರಬಂದ ಮೇಲಂತೂ ಅದು ಗಾದೆಯಷ್ಟು ಗಟ್ಟಿಯಾಯಿತು. ಮಕ್ಕಳಿಗೆ ಅರ್ಥವಾಗಲೆಂದು ಮಾಡಿಕೊಂಡ ಸರಳೀಕರಣ ಇದು ಎಂದು ಹಲವರು ಸಮರ್ಥಿಸುತ್ತಾರೆ. ನಾನು ಒಪ್ಪುವುದಿಲ್ಲ. ಇದು ತಪ್ಪು, ಮತ್ತು ತೊಂದರೆ ಕೊಡುವ ತಪ್ಪು.

ನಕ್ಷೆಯಲ್ಲಿ ಒಂದೊಂದು ಗೆರೆಗೂ ಕಟ್ಟಡದ ಒಂದೊಂದು ಭಾಗ ಹೊಂದಬೇಕು. ಕೆಲಸಗಾರರನ್ನು ಎರಡು ತಂಡ ಮಾಡಿ ಅರ್ಧರ್ಧ ಹಾಳೆ ಕೊಟ್ಟರೆ, ಒಂದೊಂದು ತಂಡವೂ ಅರ್ಧ ಮನೆ ಕಟ್ಟಬೇಕು. 1888ರಲ್ಲಿ ವಿಲ್ಹೆಲ್ಮ್ ರೂ ಕಪ್ಪೆಯ ಎರಡು ಕೋಶದ ಭ್ರೂಣದಲ್ಲಿ ಒಂದು ಕೋಶವನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದಾಗ ನಿಜಕ್ಕೂ ಅರ್ಧ ಭ್ರೂಣವೇ ಬೆಳೆಯಿತು. ನಕ್ಷೆ ಸಿಕ್ಕಿತೆಂದು ಅನ್ನಿಸಿದ್ದು ಸಹಜ. ಮೂರು ವರ್ಷದ ಬಳಿಕ ಹಾನ್ಸ್ ಡ್ರೀಶ್ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಎರಡು ಕೋಶದ ಭ್ರೂಣಗಳನ್ನು ನೀರಿನಲ್ಲಿ ಜೋರಾಗಿ ಕುಲುಕಿ ಕೋಶಗಳನ್ನು ಬಿಡಿಸಿದರು. ಬಿಡಿಯಾದ ಕೋಶ ಪೂರ್ತಿ ಮರಿಯಾಗಿಯೇ ಬೆಳೆಯಿತು, ಗಾತ್ರ ಮಾತ್ರ ಚಿಕ್ಕದು. ರೂ ಪ್ರಯೋಗದಲ್ಲಿ ಸತ್ತ ಕೋಶ ಬದುಕಿದ್ದಕ್ಕೆ ಅಂಟಿಕೊಂಡೇ ಇತ್ತು. ಮುಂದೆ ಕಪ್ಪೆಯ ಕೋಶಗಳನ್ನೂ ಪೂರ್ತಿ ಬೇರ್ಪಡಿಸಿದಾಗ ಇಡೀ ಗೊದಮೊಟ್ಟೆಯೇ ಬಂತು. ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಕೋಶದ ಗತಿ ನಿಂತಿತ್ತು. ಆ ನೆರೆ ಸತ್ತಿದ್ದರೂ ಸರಿ. ಡ್ರೀಶ್ ತಾವು ಕಂಡದ್ದಕ್ಕೆ ಭೌತಿಕ ಕಾರಣ ಕಾಣದೆ ಕೊನೆಗೆ ಯಾವುದೋ ಜೀವಚೈತನ್ಯವನ್ನು ನಂಬಿದರು. ಇಂದು ನಮಗೆ ಆ ಆಸರೆ ಬೇಕಿಲ್ಲ.

ಹಣ್ಣುನೊಣವನ್ನೇ ನೋಡಿ. ತಾಯಿನೊಣ ಮೊಟ್ಟೆಯ ಒಂದು ತುದಿಯಲ್ಲಿ ಬೈಕಾಯ್ಡ್ ಎಂಬ ಜೀನಿನ ಆರ್‌ಎನ್‌ಎ ಇಟ್ಟಿರುತ್ತದೆ. ಅದರಿಂದ ತಯಾರಾದ ಪ್ರೋಟೀನ್ ಆ ತುದಿಯಲ್ಲಿ ದಟ್ಟವಾಗಿದ್ದು ಹಿಂದೆ ಹೋದಂತೆ ತೆಳುವಾಗುತ್ತದೆ. ದಟ್ಟವಿದ್ದ ಕಡೆ ಕೆಲವು ಜೀನ್‌ಗಳು ಚಾಲೂ ಆಗುತ್ತವೆ, ತೆಳುವಾದ ಕಡೆ ಆಗುವುದಿಲ್ಲ. ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ವೋಲ್ಫ್‌ಗಾಂಗ್ ಡ್ರೀವರ್ 1988ರಲ್ಲಿ ಇದನ್ನು ತೋರಿಸಿದರು. ತಾಯಿಯಲ್ಲಿ ಈ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದರೆ, ತಂದೆಯಿಂದ ಸರಿಯಾದ ಪ್ರತಿ ಬಂದಿದ್ದರೂ ಭ್ರೂಣಕ್ಕೆ ತಲೆ ಮೂಡುವುದಿಲ್ಲ. ಭ್ರೂಣದ ಸ್ವಂತ ಡಿಎನ್‌ಎಯಲ್ಲಿ ಆ ಜೀನ್ ಸರಿಯಾಗಿಯೇ ಇದೆ. ಕೊರತೆ ಇರುವುದು ಮೊಟ್ಟೆಯಲ್ಲಿ. ನಕ್ಷೆವಾದಿಗಳು ಈ ಒಂದು ಸಂಗತಿಗೆ ಉತ್ತರ ಕೊಡಲಿ.

ಜೀನ್‌ಗಳ ಪಟ್ಟಿ ಓದಿದರೆ ದೇಹ ಓದಿದಂತೆ ಎಂಬ ನಂಬಿಕೆಯೂ ಹೀಗೇ ಕುಸಿಯುತ್ತದೆ. ಸೋನಿಕ್ ಹೆಜ್‌ಹಾಗ್ ಎಂಬ ಜೀನ್ ಮಿದುಳು, ಬೆನ್ನುಹುರಿ, ಕೈಕಾಲು ಎಲ್ಲ ಕಡೆ ಬೇಕು. ಕೈಕಾಲಿನಲ್ಲಿ ಅದನ್ನು ಚಾಲೂ ಮಾಡುವ ಡಿಎನ್‌ಎ ತುಣುಕು ಇರುವುದು ಸುಮಾರು ಹತ್ತು ಲಕ್ಷ ಅಕ್ಷರಗಳಾಚೆ, ಸಂಬಂಧವೇ ಇಲ್ಲದ ಇನ್ನೊಂದು ಜೀನಿನ ಒಡಲಿನಲ್ಲಿ. ಅದರಲ್ಲಿ ಒಂದಕ್ಷರ ಬದಲಾದರೂ ಮನುಷ್ಯರಲ್ಲಿ ಹೆಚ್ಚುವರಿ ಬೆರಳು ಮೂಡಬಹುದು. 2016ರಲ್ಲಿ ವಿಜ್ಞಾನಿಗಳು ಇಲಿಯ ಈ ತುಣುಕನ್ನು ತೆಗೆದು ಹೆಬ್ಬಾವಿನದನ್ನು ಇಟ್ಟರು. ಇಲಿಯ ಕಾಲುಗಳು ಮೊಟಕಾದವು. ಹೆಬ್ಬಾವಿನ ತುಣುಕಿನಲ್ಲಿ ಕಳೆದುಹೋಗಿದ್ದ 17 ಅಕ್ಷರಗಳನ್ನು ಮರಳಿ ಸೇರಿಸಿದಾಗ ಕಾಲುಗಳು ಮತ್ತೆ ಬೆಳೆದವು. ಆ 17 ಅಕ್ಷರಗಳಲ್ಲಿ ಕಾಲಿನ ಚಿತ್ರವಿಲ್ಲ. ಇಂಥ ಪ್ರೋಟೀನ್ ಬಂದು ಕೂತರೆ ಈ ಜೀನನ್ನು ಓದು ಎಂಬ ಷರತ್ತಿದೆ, ಅಷ್ಟೇ.

ಹೋಲಿಕೆ ಬೇಕೇಬೇಕೆಂದರೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಹೆಚ್ಚು ಹತ್ತಿರ. ಪ್ರಸಂಗದ ಪದ್ಯಗಳು ಮೊದಲೇ ಇವೆ, ಅವಿಲ್ಲದೆ ಕೂಟವೇ ಇಲ್ಲ. ಆದರೆ ಪಾತ್ರದ ಮಾತಾಡುವ ಅರ್ಥಧಾರಿ ಏನು ಹೇಳುತ್ತಾನೆಂಬುದು ಎದುರಾಳಿ ಈಗಷ್ಟೇ ಎಸೆದ ಮಾತನ್ನು ಅವಲಂಬಿಸಿದೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಒಂದು ವ್ಯತ್ಯಾಸ ಮರೆಯುವಂತಿಲ್ಲ: ಅರ್ಥಧಾರಿಗೆ ಕಥೆಯ ಕೊನೆ ಗೊತ್ತಿರುತ್ತದೆ. ಕೋಶಕ್ಕೆ ಅದೂ ಗೊತ್ತಿಲ್ಲ. ಸುತ್ತಲಿನ ರಾಸಾಯನಿಕಗಳು ಮತ್ತು ತಾನು ಇಲ್ಲಿಯವರೆಗೆ ಸಾಗಿಬಂದ ದಾರಿಯ ಗುರುತು, ಅದರ ಬಳಿ ಇರುವುದು ಇಷ್ಟೇ.

ಹಾಗಾದರೆ ತದ್ರೂಪಿ ಅವಳಿಗಳು ಒಬ್ಬರಂತೆ ಒಬ್ಬರು ಏಕಿರುತ್ತಾರೆ ಎಂದು ಕೇಳುವುದು ನ್ಯಾಯವೇ. ಒಂದೇ ಬಗೆಯ ಆರಂಭ, ಒಂದೇ ಷರತ್ತುಗಳು ಇದ್ದಾಗ ಫಲವೂ ಬಹುಪಾಲು ಒಂದೇ ಆಗುತ್ತದೆ. ಅದಕ್ಕೆ ಮುಂಚೆಯೇ ಬರೆದಿಟ್ಟ ಚಿತ್ರ ಬೇಕಿಲ್ಲ. ಡಿಎನ್‌ಎ ಬದಲಾದರೆ ಫಲ ಬದಲಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಅದರಿಂದ ಡಿಎನ್‌ಎ ಮುಖ್ಯ ಎಂದು ಸಿದ್ಧವಾಗುತ್ತದೆ, ನಕ್ಷೆ ಎಂದಲ್ಲ. ಷರತ್ತುಗಳ ಆಟದಲ್ಲಿ ಆಕಸ್ಮಿಕಕ್ಕೂ ಜಾಗವಿದೆ. 2001ರ ಡಿಸೆಂಬರ್‌ನಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕು ಸಿಸಿಯ ಮೈಮೇಲೆ, ಅದರ ಮೂಲಬೆಕ್ಕಾದ ರೇನ್‌ಬೋಗೆ ಇದ್ದ ಕಿತ್ತಳೆ ಬಣ್ಣವೇ ಬರಲಿಲ್ಲ. ಆ ಬಣ್ಣದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಮತ್ತು ಹೆಣ್ಣುಬೆಕ್ಕಿನ ಪ್ರತಿ ಕೋಶವೂ ಎಳೆಯ ಭ್ರೂಣದಲ್ಲೇ ತನ್ನ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನು ಮೌನವಾಗಿಸುತ್ತದೆ. ಯಾವುದನ್ನು ಎಂಬುದು ಎಲ್ಲೂ ಬರೆದಿಲ್ಲ.

ನಮ್ಮಲ್ಲಿ ಈ ನೀಲನಕ್ಷೆ ಬಂದು ಕೂತಿರುವುದು ಹಣೆಬರಹದ ಜಾಗದಲ್ಲಿ. ಬೆನ್ನುಹುರಿ ಸರಿಯಾಗಿ ಮುಚ್ಚದೆ ಹುಟ್ಟಿದ ಮಗುವನ್ನು ಕಂಡು, ಜೀನಿನಲ್ಲೇ ಹಾಗೆ ಬರೆದಿತ್ತು ಎಂದು ಹೇಳಿ ಮುಗಿಸಿಬಿಡುವುದು ಸುಲಭ. 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಪ್ರಕಟಿಸಿದ ಪ್ರಯೋಗ, ಹಿಂದೆ ಅಂಥ ಗರ್ಭ ಧರಿಸಿದ್ದ ತಾಯಂದಿರಿಗೆ ಮುಂಚಿತವಾಗಿ ಫೋಲಿಕ್ ಆಮ್ಲ ಕೊಟ್ಟಾಗ ತೊಂದರೆ ಮರುಕಳಿಸುವುದು ಶೇ 72ರಷ್ಟು ಕಡಿಮೆಯಾಯಿತೆಂದು ತೋರಿಸಿತು. ತಾಯಂದಿರ ಜೀನ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಮುಚ್ಚುವುದು ಗರ್ಭ ನಿಂತ 28 ದಿನಗಳೊಳಗೆ, ಅನೇಕ ಹೆಂಗಸರಿಗೆ ಬಸುರಿಯೆಂದು ಖಚಿತವಾಗುವ ಮೊದಲೇ. ಆದ್ದರಿಂದ ಮಾತ್ರೆ ಶುರುವಾಗಬೇಕಾದದ್ದು ಗರ್ಭಕ್ಕೆ ಮುಂಚೆ. ಮೊದಲ ತಪಾಸಣೆಗೆ ಬಂದಾಗ ಕೊಟ್ಟರೆ ಆ ನಾಳದ ಮಟ್ಟಿಗೆ ತಡವಾಗಿರುತ್ತದೆ.